‘ಕಳ್ಳತನ’ದಿಂದ ಶುರುವಾದ ನನ್ನ ಇಂಗ್ಲಿಷ್ ಪಾಠ

ನಾನು ಹಾವೇರಿ ಜಿಲ್ಲೆ ಬ್ಯಾಡಗಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಇಂಗ್ಲಿಷ್ ಮಾಸ್ತರ. ಕನ್ನಡ ಮಾಧ್ಯಮದ ಹೈಸ್ಕೂಲು. ಎಂಟನೇ ತರಗತಿಗೆ ಬರುವ ಮಕ್ಕಳು ಒಂದನೇ ತರಗತಿಯಿಂದಲೇ ಇಂಗ್ಲಿಷ್ ಪುಸ್ತಕ ಹಿಡಿದವರು. ‘ಎ ನೌನ್ ಈಸ್ ದ ನೇಮ್ ಆಫ್ ಎ ಪರ್ಸನ್, ಪ್ಲೇಸ್ ಆರ್ ಥಿಂಗ್’ ಅಂತ ಒಂದೇ ಉಸಿರಿಗೆ ಹೇಳುತ್ತಾರೆ. ಪುಟದಲ್ಲಿ ಒಂದು ನೌನ್ ತೋರಿಸು ಅಂದರೆ ಮಾತ್ರ ಬೆರಳು ಎಲ್ಲಿ ಇಡಬೇಕು ಅಂತ ಪಕ್ಕದವನ ಮುಖ ನೋಡುತ್ತಾರೆ. ಮೊದಲ ಎರಡು ವರ್ಷ ನಾನೂ ಅದನ್ನೇ ಬಾಯಿಪಾಠ ಮಾಡಿಸಿದೆ. ನನಗೂ ಹಾಗೇ ಕಲಿಸಿದ್ದರು ಅಲ್ವಾ.

ಬದಲಾಗಿದ್ದು ‘ಕೈಂಡ್‌ನೆಸ್’ ಅನ್ನುವ ಪದದಿಂದ. ಅರ್ಥ ಕೇಳಿದರು, ದಯೆ ಅಂತ ಹೇಳಿದೆ, ಬರೆದುಕೊಂಡರು. ಎರಡು ಸಾಲು ಕೆಳಗೆ ‘ಸ್ಯಾಡ್‌ನೆಸ್’ ಬಂತು, ಮತ್ತೆ ಕೇಳಿದರು. ಸ್ಯಾಡ್ ಗೊತ್ತು, ಕೈಂಡ್ ಕೂಡ ಗೊತ್ತು. ಬಾಲ ಅಂಟಿಕೊಂಡ ಕೂಡಲೇ ಅವರಿಗೆ ಅದು ಬೇರೆಯದೇ ಪದ. ಯಾಕೋ ಆವತ್ತು ಬೋರ್ಡಿನ ಮೇಲೆ ಕನ್ನಡದಲ್ಲಿ ‘ಬಡ, ಬಡತನ; ಜಾಣ, ಜಾಣತನ’ ಅಂತ ಬರೆದು, ‘ಕಳ್ಳ?’ ಅಂತ ಕೇಳಿದೆ. ಇಡೀ ಕ್ಲಾಸು ‘ಕಳ್ಳತನ’ ಅಂತ ಕೂಗಿತು. ಹಾಗಾದರೆ ನೆಸ್ ಅಂದರೆ ನಮ್ಮ ‘ತನ’ ಅಂದೆ. ಒಬ್ಬ ‘ಡಾರ್ಕ್‌ನೆಸ್ ಅಂದ್ರ ಕತ್ತಲತನ ಏನ್ರಿ ಸರ್?’ ಅಂದ. ಕತ್ತಲೆ ಅಂದರೆ ಸಾಕು ಅಂತ ತಿದ್ದಿದೆ, ಆದರೆ ಒಳಗೊಳಗೇ ಖುಷಿಯಾಯಿತು. ಅರ್ಥ ಅವನು ನನ್ನನ್ನು ಕೇಳಿರಲಿಲ್ಲ, ತಾನೇ ಕಟ್ಟಿಕೊಂಡಿದ್ದ.

ಅಲ್ಲಿಂದ ಪದ ಮುರಿಯುವುದೇ ಒಂದು ಆಟವಾಯಿತು. ‘ಇಆರ್’ ಬಂದರೆ ‘ಗಾರ’: ರನ್ನರ್ ಓಟಗಾರ, ಹಂಟರ್ ಬೇಟೆಗಾರ. ‘ಲೆಸ್’ ಬಂದರೆ ‘ಇಲ್ಲದ’: ಹೋಮ್‌ಲೆಸ್, ಮನೆ ಇಲ್ಲದ. ಕನ್ನಡದ ಮಕ್ಕಳಿಗೆ ಇದು ಕಷ್ಟವೇ ಅಲ್ಲ. ‘ಮನೆಯವರಿಗಾದರೂ’ ಅನ್ನುವ ಒಂದು ಪದದಲ್ಲಿ ಎಷ್ಟು ತುಂಡು ಇವೆ ಎಣಿಸಿ ನೋಡಿ. ಅಷ್ಟು ಉದ್ದದ ರೈಲು ದಿನವೂ ಬಾಯಲ್ಲಿ ಓಡಿಸುವವರು ‘ಕೇರ್‌ಲೆಸ್‌ನೆಸ್’ ಅನ್ನುವ ಮೂರು ಡಬ್ಬಿಗೆ ಹೆದರಬೇಕಾಗಿಲ್ಲ.

ಆಟಕ್ಕೆ ಪೆಟ್ಟು ಬಿದ್ದಿದ್ದೂ ಬೇಗ. ಒಬ್ಬ ‘ಮೈ ಮದರ್ ಈಸ್ ಎ ಗುಡ್ ಕುಕ್ಕರ್’ ಅಂತ ಬರೆದ. ಕ್ಲಾಸೆಲ್ಲ ಸೀಟಿ ಹೊಡೆಯಿತು. ನಿಯಮ ನೋಡಿದರೆ ಪಾಪ ಹುಡುಗನದೇ ಸರಿ. ಇಂಗ್ಲಿಷಿನಲ್ಲಿ ಅಡುಗೆ ಮಾಡುವವರು ಬರೀ ಕುಕ್, ಕುಕ್ಕರ್ ಆಗಿರುವುದು ಪಾತ್ರೆ. ಮರುದಿನ ಇನ್ನೊಬ್ಬಳು ಎದ್ದು ನಿಂತಳು. ‘ಸರ್, ಅಂಕಲ್‌ನ್ಯಾಗ ಮುಂದ ಯು, ಎನ್ ಅದಾವಲ್ರಿ. ಅಂಕಲ್ ಅಂದ್ರ ಕಲ್ ಅಲ್ಲದಾಂವ ಏನ್ರಿ?’ ಅವಳು ತಮಾಷೆ ಮಾಡುತ್ತಿರಲಿಲ್ಲ. ‘ಅನ್’ ಅಂದರೆ ‘ಅಲ್ಲ’ ಅಂತ ಹಿಂದಿನ ದಿನ ನಾನೇ ಹೇಳಿದ್ದೆ. ಅದಕ್ಕೆ ಒಂದು ಕಟ್ಟಳೆ ಮಾಡಿದೆವು. ತುಂಡು ಕತ್ತರಿಸಿದ ಮೇಲೆ ಉಳಿದದ್ದು ತನ್ನ ಕಾಲ ಮೇಲೆ ತಾನು ನಿಲ್ಲಬೇಕು. ‘ಅನ್‌ಹ್ಯಾಪಿ’ಯಲ್ಲಿ ಹ್ಯಾಪಿ ನಿಲ್ಲುತ್ತದೆ. ಅಂಕಲ್ ಕತ್ತರಿಸಿದರೆ ಉಳಿಯುವ ‘ಕಲ್’ ಯಾವ ಪದವೂ ಅಲ್ಲ.

ಈ ಕಟ್ಟಳೆಯೂ ಮುರಿಯುವ ಜಾಗ ಒಂದಿದೆ ಅಂತ ನನಗೆ ತೋರಿಸಿದ್ದು ಹೆದ್ದಾರಿ. ಮೋಟೆಬೆನ್ನೂರಿನ ಹತ್ತಿರ 48ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಪುಣೆ, ಬೆಂಗಳೂರಿನ ಟ್ಯಾಂಕರ್‌ಗಳು ಸಾಲಾಗಿ ಹೋಗುತ್ತವೆ. ಬೆನ್ನಿಗೆ ‘ಹೈಲಿ ಇನ್‌ಫ್ಲೇಮಬಲ್’ ಅಂತ ದೊಡ್ಡದಾಗಿ ಬರೆದಿರುತ್ತಾರೆ. ಒಬ್ಬ ಹುಡುಗ ಬಂದು ಹೆಮ್ಮೆಯಿಂದ ಹೇಳಿದ: ‘ಸರ್, ಇನ್‌ಕರೆಕ್ಟ್ ಅಂದ್ರ ಸರಿ ಅಲ್ಲ. ಹಂಗಂದ್ರ ಇದು ಬೆಂಕಿ ಹತ್ತಂಗಿಲ್ಲ ಅಂತ ರೀ.’ ನನಗೆ ಎದೆ ಧಸಕ್ಕೆಂದಿತು. ಇಲ್ಲಿ ‘ಇನ್’ ಅಂದರೆ ‘ಅಲ್ಲ’ ಅಂತ ಅರ್ಥವಲ್ಲ. ಬೆಂಕಿ ಹಚ್ಚು ಅನ್ನುವ ಲ್ಯಾಟಿನ್ ಪದದಿಂದ ಬಂದ ‘ಒಳಗೆ’ ಅನ್ನುವ ‘ಇನ್’ ಅದು. ಫ್ಲೇಮಬಲ್, ಇನ್‌ಫ್ಲೇಮಬಲ್ ಎರಡಕ್ಕೂ ಅರ್ಥ ಒಂದೇ: ಬೇಗ ಬೆಂಕಿ ಹತ್ತುವಂಥದ್ದು. ಜನ ಮೋಸ ಹೋಗುತ್ತಾರೆ ಅಂತಲೇ ಅಮೆರಿಕದಲ್ಲಿ ಬೆಂಕಿ ಸುರಕ್ಷತೆ ನೋಡುವವರು ಬರೀ ಫ್ಲೇಮಬಲ್ ಅಂತ ಬರೆಯಿರಿ ಅಂದರು. ಆವತ್ತಿನಿಂದ ಕತ್ತರಿಸಿ ಸಿಕ್ಕ ಅರ್ಥವನ್ನು ‘ಊಹೆ’ ಅನ್ನುತ್ತೇವೆ. ಊಹೆಯನ್ನು ವಾಕ್ಯದಲ್ಲಿಟ್ಟು ನೋಡಬೇಕು. ಆಮೇಲೂ ಸಂಶಯ ಇದ್ದರೆ ಡಿಕ್ಷನರಿ.

ವ್ಯಾಕರಣಕ್ಕೂ ಇದೇ ದಾರಿ ಹಿಡಿದೆ. ‘ಹಿ ಗೋ’ ಅಂತ ಬರೆಯುವವರಿಗೆ ಬೈಯುವುದು ಬಿಟ್ಟು, ‘ಹೋಗು’ ಪದದ ವರ್ತಮಾನದ ರೂಪ ಎಲ್ಲ ಬರೆಸಿದೆ. ಹೋಗುತ್ತೇನೆ, ಹೋಗುತ್ತೇವೆ, ಹೋಗುತ್ತೀಯ, ಹೋಗುತ್ತೀರಿ, ಹೋಗುತ್ತಾನೆ, ಹೋಗುತ್ತಾಳೆ, ಹೋಗುತ್ತಾರೆ, ಹೋಗುತ್ತದೆ, ಹೋಗುತ್ತವೆ. ಒಟ್ಟು 9. ಇಂಗ್ಲಿಷಿನಲ್ಲಿ ಗೋ, ಗೋಸ್, ಅಷ್ಟೇ ಎರಡು. ‘ಇಷ್ಟೇ ಏನ್ರಿ?’ ಅಂದರು. ಇಷ್ಟೇ. ಪ್ರಶ್ನೆ ಕೇಳುವಾಗ ಆ ‘ಎಸ್’ ಸದ್ದು ಗೋ ಬಿಟ್ಟು ಮುಂದೆ ಓಡಿ ಹೋಗಿ ಡಸ್‌ನಲ್ಲಿ ಕೂರುತ್ತದೆ. ಒಂದು ‘ಎಸ್’ಗೆ ಎರಡು ಮನೆ ಇಲ್ಲ. ಇದನ್ನು ನೂರು ಸಲ ಹೇಳಿದರೂ ‘ಡಸ್ ಹಿ ಗೋಸ್’ ಬರುವುದು ನಿಂತಿಲ್ಲ, ಕಡಿಮೆಯಾಗಿದೆ. ಇನ್ನು ಎ, ಆ್ಯನ್, ದ ಅನ್ನುವುದಕ್ಕೆ ನನ್ನ ಹತ್ತಿರ ಮದ್ದಿಲ್ಲ. ಕನ್ನಡದಲ್ಲಿ ಅದಕ್ಕೆ ಕೊಂಡಿಯೇ ಸಿಗುವುದಿಲ್ಲ. ಓದಿ ಓದಿ ಕಿವಿಗೆ ಬೀಳಲಿ ಅಂತ ಬಿಟ್ಟಿದ್ದೇನೆ.

ಚೆನ್ನಾಗಿ ಕೆಲಸ ಮಾಡಿದ್ದು ಕನ್ನಡಿ ಆಟ. ‘ದ ಪ್ರೈಸ್ ಆಫ್ ಚಿಲೀಸ್ ಇನ್ ದ ಮಾರ್ಕೆಟ್ ಆಫ್ ಬ್ಯಾಡಗಿ’ ಅನ್ನುವುದನ್ನು ಹಿಂದಿನಿಂದ ಓದಿ. ಬ್ಯಾಡಗಿಯ, ಮಾರ್ಕೆಟ್ಟಿನಲ್ಲಿನ, ಮೆಣಸಿನಕಾಯಿಯ, ರೇಟು. ಒಂದೊಂದು ತುಂಡೂ ತಿರುಗಿ ಕೂತಿದೆ! ‘ದ ಬಾಯ್ ಹೂ ಕೇಮ್ ಯೆಸ್ಟರ್ಡೇ’ ಕೂಡ ಹಾಗೇ: ನಿನ್ನೆ ಬಂದ ಹುಡುಗ. ಉದ್ದನೆಯ ವಾಕ್ಯ ಕಂಡರೆ ಪುಸ್ತಕ ಮುಚ್ಚುತ್ತಿದ್ದವರು ಈಗ ಹಿಂದಿನಿಂದ ಹತ್ತತೊಡಗಿದರು. ನಾನು ಬೀಗಿದೆ. ತಿಂಗಳಾದ ಮೇಲೆ ನೋಡಿದರೆ ಎರಡು ಪದದ ವಾಕ್ಯವನ್ನೂ ಹಿಂದಿನಿಂದಲೇ ಓದುತ್ತಿದ್ದಾರೆ, ಮುಂದಕ್ಕೆ ಓದುವುದೇ ಮರೆತಂತಿದೆ. ಮೊದಲು ಮುಂದಕ್ಕೆ ಓದಿ, ಸಿಕ್ಕಿಕೊಂಡರೆ ಮಾತ್ರ ಕನ್ನಡಿ ಅಂತ ಹೊಸದಾಗಿ ಹೇಳಬೇಕಾಯಿತು.

ಇಷ್ಟೆಲ್ಲ ಆದಮೇಲೆ ಓದಿದ್ದು ತಿಳಿಯುತ್ತಿದೆ ಅಂತ ನಂಬಿದ್ದೆ. ಪ್ಯಾಸೇಜ್ ಕೊಟ್ಟರೆ ಉತ್ತರ ಸರಿ ಇರುತ್ತಿತ್ತು. ಒಂದು ದಿನ ಸುಮ್ನೆ ಅನುಮಾನ ಬಂದು ಕನ್ನಡದಲ್ಲೇ ಒಂದು ಪ್ಯಾಸೇಜ್ ಬರೆದೆ:

‘ಗಿಮ್ಮನು ನಿನ್ನೆ ದೊಗಟದಲ್ಲಿ ಮೂರು ಲಪ್ಪಿಗಳನ್ನು ಚಿಬ್ಬಿದನು. ಲಪ್ಪಿಗಳು ತುಂಬ ಕರಲಾಗಿದ್ದವು.’

ಗಿಮ್ಮನು ಎಷ್ಟು ಲಪ್ಪಿಗಳನ್ನು ಚಿಬ್ಬಿದನು? ಎಲ್ಲಿ ಚಿಬ್ಬಿದನು? ಲಪ್ಪಿಗಳು ಹೇಗಿದ್ದವು? ಎಲ್ಲರಿಗೂ ಮೂರಕ್ಕೆ ಮೂರು. ಆಮೇಲೆ ಕೇಳಿದೆ, ಲಪ್ಪಿ ತಿನ್ನುವುದೋ, ತೊಡುವುದೋ? ಒಂದು ಗಳಿಗೆ ಗಪ್‌ಚಿಪ್. ಆಮೇಲೆ ನಗು. ನಗು ಅವರದು. ನಾನು ಮಾತ್ರ ಒಂದು ಡಬ್ಬಿ ಚಹಾ ಪುಡಿ ನುಂಗಿದವನ ಹಾಗೆ ನಿಂತಿದ್ದೆ. ಪ್ರತ್ಯಯ ನೋಡಿ ಯಾರು, ಎಲ್ಲಿ, ಎಷ್ಟು ಅಂತ ಎತ್ತಿ ಇಡುವುದು ನಾನೇ ಕಲಿಸಿದ ವಿದ್ಯೆ. ಇಷ್ಟು ದಿನ ಇಂಗ್ಲಿಷಿನಲ್ಲಿಯೂ ಅವರು ಲಪ್ಪಿಯನ್ನೇ ಚಿಬ್ಬುತ್ತಿದ್ದರು.

ಪ್ಯಾಸೇಜ್ ನಾನೇ ಬರೆಯತೊಡಗಿದ್ದು ಆಮೇಲೆ. ಸ್ಟಾಫ್‌ರೂಮಿನಲ್ಲಿ ‘ಪೋರ್ಷನ್ ಮುಗೀತೇನ್ರಿ?’ ಅನ್ನುವ ಪ್ರಶ್ನೆ ಇದ್ದೇ ಇತ್ತು. ಎಸ್ಸೆಸ್ಸೆಲ್ಸಿಯಲ್ಲಿ ಬರೆಯುವ ಪರೀಕ್ಷೆಗೆ 80 ಅಂಕ, ಶಾಲೆಯೊಳಗಿನದಕ್ಕೆ 20. ಆ ಲೆಕ್ಕ ನನಗೂ ಗೊತ್ತು. ಆದರೂ ವಾರಕ್ಕೆ ಒಂದು ಪಿರಿಯಡ್ ಇದಕ್ಕೆ ಇಟ್ಟೆ. ಮೊದಲನೆಯದು ಬ್ಯಾಡಗಿ ಮೆಣಸಿನಕಾಯಿ. ಹನ್ನೆರಡು ವಾಕ್ಯ, ಸರಳ ಇಂಗ್ಲಿಷ್. ಕಡ್ಡಿ ಮತ್ತು ಡಬ್ಬಿ ಅಂತ ಎರಡು ತಳಿ, ಬಣ್ಣ ಜಾಸ್ತಿ ಖಾರ ಕಡಿಮೆ, ಇದು ಈ ಸೀಮೆಯದೇ ಬೆಳೆ ಅಂತ ಗುರುತಿಸುವ ಭೌಗೋಳಿಕ ಸೂಚಿ (ಜಿಐ ಟ್ಯಾಗ್) 2011ರಲ್ಲಿ ಸಿಕ್ಕಿದ್ದು, ಕಾಯಿಯಿಂದ ತೆಗೆದ ಬಣ್ಣದ ಎಣ್ಣೆ ಲಿಪ್‌ಸ್ಟಿಕ್‌ಗೂ ಹೋಗುವುದು. ಪ್ರಶ್ನೆ ಮಾತ್ರ ಎತ್ತಿ ಬರೆಯಲು ಬಾರದ ಹಾಗೆ ಇಟ್ಟೆ. ಲಿಪ್‌ಸ್ಟಿಕ್ ಮಾಡುವವರು ಗುಂಟೂರಿನ ಖಾರದ ಕಾಯಿ ಬಿಟ್ಟು ಇಲ್ಲಿಗೆ ಯಾಕೆ ಬರುತ್ತಾರೆ? ಪ್ಯಾಸೇಜಿನಲ್ಲಿ ಗುಂಟೂರಿನ ಹೆಸರೇ ಇಲ್ಲ. ಮೊದಲ ದಿನ ಅರ್ಧ ಕ್ಲಾಸು ಖಾಲಿ ಹಾಳೆ ಕೊಟ್ಟಿತು. ಕೊನೆಯ ಬೆಂಚಿನ ಒಬ್ಬ, ಸೀಸನ್‌ನಲ್ಲಿ ಅಪ್ಪನ ಜೊತೆ ಚೀಲ ಹೊರಲು ಹೋಗಿ ತಿಂಗಳುಗಟ್ಟಲೆ ಶಾಲೆ ತಪ್ಪಿಸುವವನು, ‘ಲಿಪ್ಸ್ ವಿಲ್ ಬರ್ನ್, ಸೋ ಲೆಸ್ ಹಾಟ್’ ಅಂತ ಬರೆದಿದ್ದ. ಎಣ್ಣೆ ತೆಗೆಯುವಾಗ ಖಾರ ಬೇರೆ ಮಾಡುತ್ತಾರೆ ಅನ್ನುವುದು ಆಮೇಲಿನ ಮಾತು. ಓದಿದ ಪದ ಅವನ ತುಟಿಯ ತನಕ ಬಂದಿತ್ತು. ಪೂರ್ತಿ ಅಂಕ ಕೊಟ್ಟೆ.

ಈಗ ಪ್ರಶ್ನೆಗಳನ್ನೂ ಅವರಿಂದಲೇ ಬರೆಸುತ್ತೇನೆ. ಹೋದ ವರ್ಷ ಇದೇ ಪ್ಯಾಸೇಜಿಗೆ ಒಬ್ಬ ಹುಡುಗಿ ಬರೆದ ಪ್ರಶ್ನೆ: ‘ವೈ ದ ಪ್ಯಾಸೇಜ್ ನಾಟ್ ಟೆಲ್ ಹೌ ಮಚ್ ಮನಿ ಫಾರ್ ರಿಮೂವರ್?’ ರಿಮೂವರ್ ಅಂದರೆ ಯಾರು ಅಂತ ಕೇಳಿದೆ. ‘ತೊಟ್ಟು ಬಿಡಿಸೋರ್ರಿ ಸರ್. ರಿಮೂವ್, ಮುಂದ ಗಾರ. ನಮ್ಮವ್ವ ಅದ ಕೆಲಸಕ್ಕ ಹೊಕ್ಕಾಳ್ರಿ.’ ಡಸ್ ಎಲ್ಲಿ ಕೂರಬೇಕು ಅಂತ ತೋರಿಸಿದೆ. ಆಮೇಲೆ ಅವಳ ಕೈಲೇ ಅವಳ ಅವ್ವನ ಹತ್ತಿರ ರೇಟು ಕೇಳಿಸಿದೆ. ಪ್ಯಾಸೇಜಿನಲ್ಲಿ ಈಗ ಹದಿಮೂರು ವಾಕ್ಯ ಇವೆ.