ಫೋರ್ ವ್ಹೀಲ್ ಗಾಡಿಯನ್ನು ಹೊರಡಿಸುತ್ತದೆ, ನಿಲ್ಲಿಸುವುದಿಲ್ಲ: ಆಲ್ಬರ್ಟಾಕ್ಕೆ ಬಂದ ಹೊಸಬರಿಗೆ

ಕೆನಡಾದ ಆಲ್ಬರ್ಟಾ ಪ್ರಾಂತ್ಯದ ಕ್ಯಾಲ್ಗರಿಯ ಸುತ್ತಮುತ್ತ ಕಟ್ಟಡ ಕಾಮಗಾರಿ, ಎಣ್ಣೆ ಬಾವಿ, ಸರ್ವೆ ಮುಂತಾದ ಕೆಲಸಗಳಿಗೆ ಬರುವ ನಮ್ಮವರಲ್ಲಿ ಅನೇಕರು ಮೊದಲ ಚಳಿಗಾಲ ಕಳೆಯುವುದರೊಳಗೆ ಒಂದು ಹಳೆಯ ಪಿಕಪ್ ಕೊಳ್ಳುತ್ತಾರೆ. ಅವರಿಗಾಗಿ, ಅದರಲ್ಲೂ ಮಲೆನಾಡು ಮತ್ತು ಕೊಡಗಿನಿಂದ ಬಂದವರಿಗಾಗಿ, ಇದನ್ನು ಬರೆಯುತ್ತಿದ್ದೇನೆ. ಬಯಲುಸೀಮೆಯಿಂದ ಬಂದವರು ಹಿಮವನ್ನು ಕಂಡೊಡನೆ ಹೆದರಿ ನಿಧಾನವಾಗಿ ಓಡಿಸುತ್ತಾರೆ. ನಾವು ಮಾತ್ರ ಫೋರ್ ವ್ಹೀಲ್ ಡ್ರೈವ್ ನಮಗೆ ಗೊತ್ತು ಎಂದುಕೊಂಡು ಹೊರಡುತ್ತೇವೆ. ಆ ನಂಬಿಕೆಯಿಂದ ನಾನು ನನ್ನ ಹೆಂಡತಿ ಮಕ್ಕಳನ್ನು ಅಪಾಯಕ್ಕೆ ಒಡ್ಡಿದೆ.

ಮೂಡಿಗೆರೆಯ ಕಡೆಯ ನಮ್ಮ ತೋಟದ ರಸ್ತೆಯಲ್ಲಿ ಅಪ್ಪನ ಜೀಪಿನಲ್ಲಿಯೇ ನಾನು ಗಾಡಿ ಕಲಿತದ್ದು. ಆರಿದ್ರಾ, ಪುನರ್ವಸು ಮಳೆ ಹಿಡಿದು ರಸ್ತೆಯೆಲ್ಲ ಕೆಸರಾದಾಗ, ಅಪ್ಪ ಏರು ಶುರುವಾಗುವ ಮೊದಲೇ ಫೋರ್ ವ್ಹೀಲಿನ ಗೇರು ಹಾಕಿಸಿ, "ನಿಲ್ಸ್‌ಬೇಡ ಮಾರಾಯ, ಎಳೀತಾ ಇರು" ಎನ್ನುತ್ತಿದ್ದರು. ನಾಲ್ಕೂ ಗಾಲಿ ಕೆಸರು ಕೊಡವುತ್ತ ಜೀಪು ಮೇಲೆ ಹತ್ತಿ ನಿಂತಾಗ ಲೋಕದ ಯಾವ ರಸ್ತೆಯೂ ನಮಗೆ ಕಷ್ಟವಲ್ಲ ಅನ್ನಿಸುತ್ತಿತ್ತು. ಕೆಸರಿನಲ್ಲಿ ಆ ಪಾಠ ಸರಿ, ಏಕೆಂದರೆ ಕೆಸರು ಗಾಲಿಯನ್ನು ಹಿಡಿಯುತ್ತದೆ, ಕಾಲು ತೆಗೆದರೆ ಗಾಡಿ ತಾನಾಗಿಯೇ ನಿಲ್ಲುತ್ತದೆ. ಅಲ್ಲಿ ಮುಂದೆ ಹೋಗುವುದಷ್ಟೇ ಸಮಸ್ಯೆ. ಹಿಮದ ರಸ್ತೆಯಲ್ಲಿ ನಿಲ್ಲುವುದೇ ಸಮಸ್ಯೆ ಎಂಬುದನ್ನು ನನಗೆ ಯಾರೂ ಹೇಳಿರಲಿಲ್ಲ, ಹೇಳಿದ್ದರೂ ಬಹುಶಃ ನಾನು ಕೇಳುತ್ತಿರಲಿಲ್ಲ.

ಇಲ್ಲಿನ ಎರಡನೆಯ ಡಿಸೆಂಬರಿನಲ್ಲಿ ಕ್ಯಾನ್‌ಮೋರ್‌ನಿಂದ ಟ್ರಾನ್ಸ್-ಕೆನಡಾ ಹೆದ್ದಾರಿಯಲ್ಲಿ ಮನೆಗೆ ಮರಳುತ್ತಿದ್ದೆವು. ಸಂಜೆ ನಾಲ್ಕೂವರೆಗೇ ಕತ್ತಲಾಗಿತ್ತು, ಸಣ್ಣಗೆ ಹಿಮ ಬೀಳುತ್ತಿತ್ತು, ಪಿಕಪ್ 4ಎಚ್‌ನಲ್ಲಿ, ಅಂದರೆ ನಾಲ್ಕೂ ಗಾಲಿ ಎಳೆಯುವ ಫೋರ್ ವ್ಹೀಲ್ ಗೇರಿನಲ್ಲಿತ್ತು. ಸ್ಕಾಟ್ ಲೇಕ್ ಹಿಲ್‌ನ ಏರನ್ನು ಅದು ಒಣ ರಸ್ತೆಯ ಮೇಲೆ ಹತ್ತಿದಂತೆಯೇ ಹತ್ತಿತು, ಒಂದು ಗಾಲಿಯೂ ಜಾರಲಿಲ್ಲ; ಆದ್ದರಿಂದ ರಸ್ತೆಯೇ ಚೆನ್ನಾಗಿದೆ ಎಂದು ನಾನು ತಿಳಿದೆ. ಇಳಿಜಾರಿನಲ್ಲಿ ದೂರದಲ್ಲಿ ಕೆಂಪು ದೀಪಗಳ ಸಾಲು ಕಂಡಿತು. ಬ್ರೇಕಿನ ಮೇಲೆ ಕಾಲಿಟ್ಟೆ. ಪೆಡಲು ಕಾಲಡಿಯಲ್ಲಿ ಗಡಗಡ ನಡುಗಿತು, ಆದರೆ ವೇಗ ಇಳಿಯಲೇ ಇಲ್ಲ. ಹಿಂದಿನ ಸೀಟಿನಲ್ಲಿದ್ದ ಆರು ವರ್ಷದ ಮಗಳು, "ಅಪ್ಪಾ, ರೋಡು ಹೊಳೀತಾ ಇದೆ" ಎಂದಳು. ಅವಳು ಕಂಡದ್ದನ್ನು ನಾನು ಕಂಡಿರಲಿಲ್ಲ. ಮುಂದಿನ ಗಾಡಿಗೆ ಗುದ್ದುವ ಬದಲು ಸ್ಟೀರಿಂಗನ್ನು ಬಲಕ್ಕೆ ತಿರುಗಿಸಿ ರಸ್ತೆ ಬದಿಯ ತಗ್ಗಿಗೆ ಇಳಿಸಿದೆ. ಅಲ್ಲಿ ಸೊಂಟದೆತ್ತರ ಹಿಮವಿದ್ದುದರಿಂದ ಯಾರಿಗೂ ಪೆಟ್ಟಾಗಲಿಲ್ಲ. ಟೋ ಗಾಡಿ ಬರುವವರೆಗಿನ ಎರಡು ಗಂಟೆ ನನ್ನ ಹೆಂಡತಿ ಒಂದು ಮಾತನ್ನೂ ಆಡಲಿಲ್ಲ. ಆ ಮೌನ ನನಗೆ ಇಂದಿಗೂ ನೆನಪಿದೆ.

ಏನಾಯಿತೆಂಬುದನ್ನು ವಿವರಿಸಿ ಹೇಳಬೇಕು. ಫೋರ್ ವ್ಹೀಲ್ ಎಂದರೆ ಎಂಜಿನ್ನಿನ ಶಕ್ತಿ ಎರಡರ ಬದಲು ನಾಲ್ಕು ಗಾಲಿಗಳಿಗೆ ಹಂಚಿಹೋಗುವುದು, ಅಷ್ಟೆ. ಬ್ರೇಕು ಎಲ್ಲ ಗಾಡಿಗಳಲ್ಲೂ ಮೊದಲಿನಿಂದಲೇ ನಾಲ್ಕು ಗಾಲಿಗೂ ಇರುತ್ತದೆ, ಆದ್ದರಿಂದ ಬ್ರೇಕು ಒತ್ತಿದಾಗ ನಿಮ್ಮ ಪಿಕಪ್‌ಗೂ ಪಕ್ಕದ ಸಣ್ಣ ಕಾರಿಗೂ ಅದರಿಂದ ಯಾವ ವ್ಯತ್ಯಾಸವೂ ಇಲ್ಲ. ಪಿಕಪ್ ಹೊರುವ ಭಾರವೂ ಜಾರುವಾಗ ನೆರವಿಗೆ ಬರುವುದಿಲ್ಲ. ಒಣ ಡಾಂಬರಿನ ಮೇಲೆ ಗಂಟೆಗೆ 50 ಕಿ.ಮೀ. ವೇಗದಲ್ಲಿ ಬ್ರೇಕು ಹಿಡಿದ ಮೇಲೆ ಹದಿಮೂರು-ಹದಿನಾಲ್ಕು ಮೀಟರಿನಲ್ಲಿ ನಿಲ್ಲುವ ಗಾಡಿ, ಗಟ್ಟಿಯಾಗಿ ಒತ್ತಿಕೊಂಡ ಹಿಮದ ಮೇಲೆ ಅದರ ಮೂರು ಪಟ್ಟು, ನುಣುಪಾದ ಮಂಜುಗಡ್ಡೆಯ ಮೇಲೆ ಏಳು ಪಟ್ಟು ದೂರ ಹೋಗಬಹುದು. ವೇಗ ಎರಡು ಪಟ್ಟಾದರೆ ನಿಲ್ಲುವ ದೂರ ನಾಲ್ಕು ಪಟ್ಟಾಗುತ್ತದೆ. ಎರಡೇ ಗಾಲಿಗೆ ಎಂಜಿನ್ನಿನ ಶಕ್ತಿ ಹೋಗುವ ಗಾಡಿಯಾಗಿದ್ದರೆ ಆ ಏರಿನಲ್ಲಿಯೇ ಹಿಂದಿನ ಗಾಲಿ ಜಾರಿ ನನ್ನನ್ನು ಎಚ್ಚರಿಸುತ್ತಿತ್ತು. ಫೋರ್ ವ್ಹೀಲ್ ಗಾಡಿ ಆ ಎಚ್ಚರಿಕೆಯನ್ನೇ ಮುಚ್ಚಿಟ್ಟಿತು. ಆದ್ದರಿಂದ ಮನೆಯಿಂದ ಹೊರಟ ಕೂಡಲೇ, ಹಿಂದೆ ಮುಂದೆ ಯಾರೂ ಇಲ್ಲದ ನೇರ ರಸ್ತೆಯಲ್ಲಿ, ನಿಧಾನ ವೇಗದಲ್ಲಿ ಒಮ್ಮೆ ಬ್ರೇಕನ್ನು ಮೆಲ್ಲಗೆ ಒತ್ತಿ ನೋಡಿ. ಆ ದಿನದ ರಸ್ತೆ ಹೇಗಿದೆ ಎಂಬುದನ್ನು ಹೇಳುವುದು ಬ್ರೇಕು ಮಾತ್ರ. ಪೆಡಲು ನಡುಗಿದರೆ ಅದು ಬ್ರೇಕು ಹಿಡಿದಾಗ ಗಾಲಿ ಪೂರ್ತಿ ನಿಂತು ಜಾರದಂತೆ ತಡೆಯುವ ಎಬಿಎಸ್‌ನ ಕೆಲಸ, ಹೆದರಿ ಕಾಲು ತೆಗೆಯಬೇಡಿ. ಇಳಿಜಾರಿನಲ್ಲಿ ಒಂದು ಸಣ್ಣ ಸಹಾಯ ಮಾತ್ರ ಉಂಟು: ಆಕ್ಸಿಲರೇಟರಿನಿಂದ ಕಾಲು ತೆಗೆದಾಗ ಎಂಜಿನ್ನಿನ ತಡೆ 2ಎಚ್‌ನಲ್ಲಿ (ಎರಡೇ ಗಾಲಿ ಎಳೆಯುವ ಸಾಮಾನ್ಯ ಗೇರಿನಲ್ಲಿ) ಹಿಂದಿನ ಎರಡು ಗಾಲಿಗಳ ಮೇಲಷ್ಟೇ ಬಿದ್ದರೆ, 4ಎಚ್‌ನಲ್ಲಿ ನಾಲ್ಕಕ್ಕೂ ಹಂಚಿಕೊಂಡು ಬೀಳುತ್ತದೆ, ಅದರಿಂದ ಹಿಂಭಾಗ ಪಕ್ಕಕ್ಕೆ ತಿರುಗುವುದು ಕಡಿಮೆಯಾಗುತ್ತದೆ. ಅದಕ್ಕಿಂತ ಹೆಚ್ಚನ್ನು ಅದರಿಂದ ಬಯಸಬೇಡಿ.

ನನ್ನ ಇನ್ನೊಂದು ತಪ್ಪು ನಿಧಾನವಾಗಿ ನಡೆದದ್ದು. ಕ್ಯಾಲ್ಗರಿಯಲ್ಲಿ ಚಳಿಗಾಲದ ನಡುವೆ ಬೆಟ್ಟಗಳ ಕಡೆಯಿಂದ ಚಿನೂಕ್ ಎಂಬ ಬೆಚ್ಚನೆಯ ಗಾಳಿ ಬೀಸಿ, ಕೆಲವೇ ಗಂಟೆಗಳಲ್ಲಿ ಉಷ್ಣಾಂಶ ಇಪ್ಪತ್ತು ಡಿಗ್ರಿಯಷ್ಟು ಏರುವುದುಂಟು. ಹಿಮ ಕರಗಿ ರಸ್ತೆ ಒಣಗುತ್ತದೆ. ನಾನು ಚಳಿಗಾಲ ಮುಗಿಯುವವರೆಗೂ 4ಎಚ್ ತೆಗೆಯಲೇಬಾರದು ಎಂದುಕೊಂಡಿದ್ದೆ. ಆದರೆ ನಮ್ಮಂಥವರ ಹಳೆಯ ಪಿಕಪ್‌ಗಳಲ್ಲಿ 4ಎಚ್ ಹಾಕಿದಾಗ ಟ್ರಾನ್ಸ್‌ಫರ್ ಕೇಸು, ಅಂದರೆ ಎಂಜಿನ್ನಿನ ಶಕ್ತಿಯನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಹಲ್ಲುಗಾಲಿ ಪೆಟ್ಟಿಗೆ, ಮುಂದಿನ ಮತ್ತು ಹಿಂದಿನ ಆಕ್ಸಲುಗಳನ್ನು ಒಂದಕ್ಕೊಂದು ಬಿಗಿದುಬಿಡುತ್ತದೆ. ತಿರುವಿನಲ್ಲಿ ಮುಂದಿನ ಗಾಲಿಗಳು ಹಿಂದಿನವಕ್ಕಿಂತ ಹೆಚ್ಚು ದೂರ ಉರುಳಬೇಕು. ಹಿಮದ ಮೇಲಾದರೆ ಗಾಲಿ ತುಸು ಜಾರಿ ಆ ವ್ಯತ್ಯಾಸವನ್ನು ಸರಿದೂಗಿಸುತ್ತದೆ, ಒಣ ಡಾಂಬರಿನ ಮೇಲೆ ಜಾರಲು ಅವಕಾಶವಿಲ್ಲದೆ ಆ ಬಿಗಿತವೆಲ್ಲ ಹಲ್ಲುಗಾಲಿಗಳ ಮೇಲೆ ಬೀಳುತ್ತದೆ. ಅಂಗಡಿಯ ಮುಂದೆ ಗಾಡಿ ತಿರುಗಿಸುವಾಗ ಅದು ಎಗರಿ ಎಗರಿ ಬೀಳುತ್ತಿದ್ದುದನ್ನೂ, ಸ್ಟೀರಿಂಗು ಕಲ್ಲಿನಂತಾಗುತ್ತಿದ್ದುದನ್ನೂ ನಾನು ಚಳಿಯ ಲಕ್ಷಣವೆಂದು ಬಿಟ್ಟೆ. ಮಾರ್ಚಿಗೆ ಟ್ರಾನ್ಸ್‌ಫರ್ ಕೇಸು ಹೋಯಿತು. ಊರಿಗೆ ಹೋಗಿಬರಲು ಕೂಡಿಟ್ಟಿದ್ದ ಹಣ ಅದಕ್ಕೇ ಸರಿಹೋಯಿತು. ರಸ್ತೆ ಒಂದೇ ಸಮನೆ ಬೆಳ್ಳಗಿದ್ದರೆ 4ಎಚ್, ಒಣಗಿದ್ದರೆ 2ಎಚ್. ಅಲ್ಲಲ್ಲಿ ಒಣಗಿ ಅಲ್ಲಲ್ಲಿ ಮಂಜು ಕಟ್ಟಿದ್ದರೆ, ನಿಮ್ಮ ಗಾಡಿಯಲ್ಲಿ 4ಎ ಎಂಬ ತಾನಾಗಿ ಹೊಂದಿಕೊಳ್ಳುವ ವ್ಯವಸ್ಥೆ ಇದ್ದಲ್ಲಿ ಅದನ್ನು ಬಳಸಿ, ಇಲ್ಲದಿದ್ದರೆ 2ಎಚ್‌ನಲ್ಲೇ ನಿಧಾನವಾಗಿ ಹೋಗಿ. 4ಎಲ್ ಎಂಬ ತೀರ ನಿಧಾನದ ಫೋರ್ ವ್ಹೀಲ್ ಗೇರು ಇರುವುದು ಆಳವಾದ ಹಿಮದಲ್ಲಿ ಹೂತಾಗ ಇಂಚಿಂಚಾಗಿ ಹೊರಬರುವುದಕ್ಕೆ. ಗಾಡಿಯನ್ನು ಹೆಚ್ಚುಕಡಿಮೆ ನಿಲ್ಲಿಸಿ, ನ್ಯೂಟ್ರಲ್‌ಗೆ ತಂದು ಅದನ್ನು ಹಾಕಬೇಕು, ಹೆದ್ದಾರಿಯಲ್ಲಿ ಅದಕ್ಕೆ ಕೆಲಸವಿಲ್ಲ.

ಚಿನೂಕ್ ಬೀಸಿದ ರಾತ್ರಿಯೇ ಹೆಚ್ಚು ಅಪಾಯಕಾರಿ ಎಂಬುದನ್ನು ಸೇರಿಸಿ ಹೇಳುತ್ತೇನೆ. ಹಗಲು ಕರಗಿದ ನೀರು ಕತ್ತಲಾದ ಮೇಲೆ ಗಾಜಿನಂತೆ ಹೆಪ್ಪುಗಟ್ಟುತ್ತದೆ, ಕೆಳಗಿನ ಡಾಂಬರಿನ ಬಣ್ಣವೇ ಕಾಣುವುದರಿಂದ ಒದ್ದೆ ರಸ್ತೆಯೆಂದೇ ತೋರುತ್ತದೆ. ಸೇತುವೆಗಳಿಗೆ ಅಡಿಯಿಂದಲೂ ತಣ್ಣನೆಯ ಗಾಳಿ ತಾಗುವುದರಿಂದ ಅವು ಮೊದಲು ಹೆಪ್ಪುಗಟ್ಟುತ್ತವೆ.

ಟೈರಿನ ವಿಷಯದಲ್ಲಿ ದಯವಿಟ್ಟು ಹಣದ ಲೆಕ್ಕ ಹಾಕಬೇಡಿ. ಫೋರ್ ವ್ಹೀಲ್ ಇದೆಯಲ್ಲ, ಚಳಿಗಾಲದ ಟೈರು ಯಾಕೆ ಎಂದು ನಾನು ವರ್ಷವಿಡೀ ಬಳಸುವ ಟೈರಿನಲ್ಲೇ ಓಡಿಸಿದೆ, ತಗ್ಗಿಗೆ ಇಳಿದದ್ದೂ ಅವುಗಳ ಮೇಲೆಯೇ. ಸುಮಾರು 7 ಡಿಗ್ರಿಗಿಂತ ಕೆಳಗೆ ಸಾಮಾನ್ಯ ಟೈರಿನ ರಬ್ಬರು ಬಿಗಿಯತೊಡಗುತ್ತದೆ. ಚಳಿಗಾಲದ ಟೈರಿನ ರಬ್ಬರು ಮೆತ್ತಗೇ ಉಳಿದು ರಸ್ತೆಯನ್ನು ಹಿಡಿಯುತ್ತದೆ. ಮೂರು ಶಿಖರದ ಬೆಟ್ಟದೊಳಗೆ ಹಿಮದ ಹರಳಿನ ಗುರುತು ಇರುವ ಟೈರನ್ನೇ ನಾಲ್ಕೂ ಗಾಲಿಗೆ ಹಾಕಿಸಿ. ಕ್ವಿಬೆಕ್‌ನಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಇದು ಕಾನೂನು, ಪಕ್ಕದ ಬ್ರಿಟಿಷ್ ಕೊಲಂಬಿಯಾದ ಬೆಟ್ಟದ ರಸ್ತೆಗಳಲ್ಲೂ ಅಕ್ಟೋಬರ್ 1ರಿಂದಲೇ ನಿಯಮವುಂಟು. ಆಲ್ಬರ್ಟಾದಲ್ಲಿ ಕಾನೂನು ಕೇಳುವುದಿಲ್ಲ, ನೀವೇ ನಿರ್ಧರಿಸಬೇಕು. ಎರಡೇ ಗಾಲಿ ಎಳೆಯುವ ಗಾಡಿಗೆ ಒಳ್ಳೆಯ ಚಳಿಗಾಲದ ಟೈರು ಇದ್ದರೆ ಅದು ಸವೆದ ಟೈರಿನ ಫೋರ್ ವ್ಹೀಲ್ ಗಾಡಿಗಿಂತ ಬೇಗ ನಿಲ್ಲುತ್ತದೆ.

ಖಾಲಿ ಪಿಕಪ್‌ನ ಹಿಂಭಾಗ ತೀರ ಹಗುರ, ಆದ್ದರಿಂದ ಹಿಂದಿನ ಆಕ್ಸಲಿನ ನೇರಕ್ಕೆ ಕೆಲವು ಮರಳು ಚೀಲಗಳನ್ನು ಕಟ್ಟಿ ಇಟ್ಟುಕೊಳ್ಳಿ. ಹೂತಾಗ ಗಾಲಿಯಡಿ ಚೆಲ್ಲಲು ಅದೇ ಮರಳು ಬರುತ್ತದೆ. ಸಲಿಕೆ, ಕಂಬಳಿ ಜೊತೆಗಿರಲಿ. ಹಿಮದಲ್ಲಿ ಸಿಕ್ಕಿಬಿದ್ದು ಎಂಜಿನ್ ಚಾಲೂ ಇಡುವುದಾದರೆ ಮೊದಲು ಇಳಿದು ಹೊಗೆ ಕೊಳವೆಯ ಬಾಯಿಂದ ಹಿಮ ತೆಗೆಯಿರಿ, ಇಲ್ಲವಾದರೆ ವಿಷದ ಗಾಳಿ ಒಳಗೆ ತುಂಬುತ್ತದೆ. ಲೈಸೆನ್ಸು, ನೋಂದಣಿ, ವಿಮೆ ಇವನ್ನೆಲ್ಲ ರಿಜಿಸ್ಟ್ರಿ ಕಚೇರಿಯಲ್ಲಿ ಮತ್ತು ವಿಮೆಯವರಲ್ಲಿ ಕೇಳಿ ಮುಗಿಸಿಕೊಳ್ಳಿ; ಹೊರಡುವ ಮುನ್ನ 511 ಎಂಬ ರಸ್ತೆ ಮಾಹಿತಿ ಸೇವೆಯಲ್ಲಿ ರಸ್ತೆಯ ಸ್ಥಿತಿ ನೋಡಿ.

ತಗ್ಗಿಗೆ ಇಳಿದ ಸಂಗತಿಯನ್ನು ಅಪ್ಪನಿಗೆ ಫೋನಿನಲ್ಲಿ ವಿವರಿಸಲು ಹೋಗಿ ನನಗೆ ಮಾತು ಸಿಗಲಿಲ್ಲ. ನಮ್ಮಲ್ಲಿ ಮಂಜು ಎಂದರೆ ಬೆಳಗಿನ ಹೊತ್ತು ತೋಟದ ಮೇಲೆ ಕವಿದು ಬಿಸಿಲು ಬಂದೊಡನೆ ಕರಗುವ ಮಂಜು, ಅದರಲ್ಲಿ ಜಾರುವುದು ಎಂಬುದಿಲ್ಲ. "ಮಂಜಿನಲ್ಲಿ ಕಾಣಲಿಲ್ವಾ?" ಎಂದು ಅವರು ಕೇಳಿದರು. ಕೆಸರಿನಲ್ಲಿ ಗಾಲಿಯ ಸದ್ದನ್ನು ಕೇಳಿಯೇ ಮುಂದಿನ ಹತ್ತು ಮಾರು ಹೇಗಿದೆ ಎಂದು ಹೇಳಬಲ್ಲ ಮನುಷ್ಯ ಅವರು. ಅವರು ನನಗೆ ಕೊಟ್ಟ ಆ ಕಿವಿಗೆ ಇಲ್ಲಿ ಕೆಲಸವಿಲ್ಲ ಎಂಬುದು ಆ ದಿನ ನನ್ನನ್ನು ಬಹಳ ನೋಯಿಸಿತು. ನನಗೆ ಗೊತ್ತಿದ್ದ ಒಂದು ವಿದ್ಯೆಯನ್ನು ಮಗಳಿಗೆ ಹಾಗೆಯೇ ದಾಟಿಸಲಾರೆ, ನಾನೇ ಕಲಿಯುತ್ತಿರುವುದನ್ನು ಅವಳಿಗೆ ಕಲಿಸಬೇಕು.

ಆಲ್ಬರ್ಟಾದಲ್ಲಿ ಹದಿನಾಲ್ಕು ವರ್ಷಕ್ಕೆ ಕಲಿಯುವವರ ಲೈಸೆನ್ಸು ಸಿಗುತ್ತದೆ. ಕಳೆದ ಜನವರಿಯ ಒಂದು ಭಾನುವಾರ ಬೆಳಿಗ್ಗೆ, ಒಂದೂ ಗಾಡಿ ಇಲ್ಲದ, ಹಿಮ ಒತ್ತಿಕೊಂಡ ದೊಡ್ಡ ಪಾರ್ಕಿಂಗ್ ಬಯಲಿನಲ್ಲಿ ಮಾಲೀಕರ ಅನುಮತಿ ಪಡೆದು ಮಗಳನ್ನು ಸ್ಟೀರಿಂಗಿನ ಮುಂದೆ ಕೂರಿಸಿದೆ. 4ಎಚ್ ಹಾಕಿಸಿ, ಗಂಟೆಗೆ 20 ಕಿ.ಮೀ. ವೇಗಕ್ಕೆ ಬಂದಾಗ ಜೋರಾಗಿ ಬ್ರೇಕು ಒತ್ತಲು ಹೇಳಿದೆ. ಪೆಡಲು ನಡುಗಿದಾಗ ಅವಳು ಬೆಚ್ಚಿದಳು, ಆದರೆ ಕಾಲು ತೆಗೆಯಲಿಲ್ಲ. ಇಬ್ಬರೂ ಇಳಿದು, ಬ್ರೇಕು ಹಿಡಿದ ಜಾಗದಿಂದ ಗಾಡಿ ನಿಂತ ಜಾಗದವರೆಗೆ ಗಾಲಿಯ ಗುರುತಿನ ಪಕ್ಕದಲ್ಲೇ ನಡೆದು ಅಳೆದೆವು: ಹನ್ನೊಂದು ಹೆಜ್ಜೆ. ಆಮೇಲೆ 30ರಿಂದ ಒತ್ತಿಸಿದೆ. ಈ ಸಲ ಅವಳೇ ಮುಂದೆ ನಡೆಯುತ್ತ ಕನ್ನಡದಲ್ಲಿ ಎಣಿಸಿದಳು, ಇಪ್ಪತ್ತಕ್ಕೆ ನಿಂತು ನನ್ನ ಮುಖ ನೋಡಿದಳು, ಅಲ್ಲಿಂದಾಚೆಯದು ಅವಳಿಗೆ ಬರುತ್ತಿರಲಿಲ್ಲ. ನಾನು ಒಂದೊಂದಾಗಿ ಹೇಳಿಕೊಡುತ್ತ ಹೋದೆ, ಅವಳು ಒಂದೊಂದೇ ಹೆಜ್ಜೆ ಇಡುತ್ತ ಹೋದಳು. ಗಾಡಿಯ ಹತ್ತಿರ ಬಂದಾಗ ಲೆಕ್ಕ ಇಪ್ಪತ್ತೈದಕ್ಕೆ ಬಂದಿತ್ತು.