ಮುದ್ದೆಮಾಲು ಕೊಠಡಿಯ ಬೀಗದ ಕೈ

ಬೆಂಗಳೂರಿನ ಪಶ್ಚಿಮ ಭಾಗದ ಒಂದು ಠಾಣೆಗೆ ಹೆಡ್ ಕಾನ್‌ಸ್ಟೆಬಲ್ ಆಗಿ ಬಂದ ಮೊದಲ ವಾರವೇ ನನಗೆ ಮುದ್ದೆಮಾಲು ಕೊಠಡಿಯ, ಎಂದರೆ ಪ್ರಕರಣಗಳಲ್ಲಿ ಜಪ್ತಿಯಾದ ವಸ್ತುಗಳನ್ನು ಇಡುವ ಕೋಣೆಯ, ಬೀಗದ ಕೈ ಕೊಟ್ಟರು. ಹತ್ತಡಿ ಉದ್ದ, ಎಂಟಡಿ ಅಗಲ, ಕಿಟಕಿಯಿಲ್ಲ. ಗೋಡೆಯಲ್ಲಿ ನಲ್ಲಿಯ ಪೈಪು ಕಂಡಿತು. ಕೇಳಿದಾಗ ಗೊತ್ತಾಯಿತು, ಅದನ್ನು ಕಟ್ಟಿದ್ದು ಮಹಿಳಾ ಸಿಬ್ಬಂದಿಯ ಶೌಚಾಲಯಕ್ಕೆಂದು. ಮಾಲು ಇಡಲು ಜಾಗವಿಲ್ಲದೆ ಅದಕ್ಕೇ ಬೀಗ ಹಾಕಿದ್ದರು. ನಾವು ಐವರು ಹೆಂಗಸರು ಎದುರುಗಡೆಯ ಮನೆಯೊಂದರ ಬಾಗಿಲು ತಟ್ಟುತ್ತಿದ್ದೆವು. ಆ ಮನೆಯ ಅಜ್ಜಿ ಒಂದು ದಿನವೂ ಮುಖ ಸಿಂಡರಿಸಲಿಲ್ಲ. ರಾತ್ರಿ ಪಾಳಿಯಲ್ಲಿ ಮಾತ್ರ ಅವರನ್ನು ಎಬ್ಬಿಸಲು ಮನಸ್ಸಾಗದೆ ನೀರು ಕುಡಿಯುವುದನ್ನೇ ಬಿಡುತ್ತಿದ್ದೆವು.

ಕೊಠಡಿಯ ಸ್ಥಿತಿ ನನಗೆ ನಿಜವಾಗಿ ಅರ್ಥವಾದದ್ದು ನ್ಯಾಯಾಲಯದಲ್ಲಿ. ಕೊಲೆ ಯತ್ನದ ಹಳೆಯ ಪ್ರಕರಣವೊಂದರಲ್ಲಿ ಮಚ್ಚು ಮತ್ತು ರಕ್ತದ ಕಲೆಯ ಅಂಗಿಯನ್ನು ಹಾಜರುಪಡಿಸಬೇಕಿತ್ತು. ಚಾವಣಿ ಸೋರಿ ಪೊಟ್ಟಣದ ಮೇಲಿನ ಚೀಟಿಯ ಶಾಯಿ ಹರಡಿತ್ತು, ಪಿ.ಎಫ್. (ಪ್ರಾಪರ್ಟಿ ಫಾರ್ಮ್, ಜಪ್ತಿ ಮಾಲನ್ನು ದಾಖಲಿಸುವ ನಮೂನೆ) ನಂಬರಿನ ಕೊನೆಯ ಎರಡು ಅಂಕಿಗಳೂ ಜಪ್ತಿಗೆ ಸಾಕ್ಷಿಗಳಾಗಿದ್ದ ಪಂಚರ ಸಹಿಯೂ ಅಳಿಸಿದ್ದವು. ‘ಸ್ಥಳದಲ್ಲಿ ವಶಪಡಿಸಿಕೊಂಡ ಅಂಗಿ ಇದೇ ಎಂದು ಹೇಗೆ ಹೇಳುತ್ತೀರಿ?’ ಎಂದು ಆರೋಪಿ ಪರ ವಕೀಲರು ಕೇಳಿದರು. ಪಂಚ ಸಾಕ್ಷಿ ತಲೆ ತಗ್ಗಿಸಿದ. ಆರೋಪಿ ಬಿಡುಗಡೆಯಾದದ್ದಕ್ಕೆ ಬೇರೆ ಕಾರಣಗಳೂ ಇದ್ದವು. ಆದರೂ ಪೆಟ್ಟು ತಿಂದಿದ್ದ ಹುಡುಗನ ತಾಯಿ ಹೊರಗೆ ಬೆಂಚಿನ ಮೇಲೆ ಕುಳಿತಿದ್ದರು. ಅವರ ಮುಂದೆ ಹಾದುಹೋಗಲು ನನಗೆ ಕಾಲು ಬರಲಿಲ್ಲ.

ಮರುದಿನದಿಂದ ಪಾಳಿ ಮುಗಿದ ಮೇಲೆ ಎರಡು ಗಂಟೆ ಆ ಕೊಠಡಿಗೆ ಕೊಟ್ಟೆ. ಮೊದಲು ಪಿ.ಎಫ್. ಪುಸ್ತಕ ಹಿಡಿದು ಒಂದೊಂದೇ ಮಾಲನ್ನು ತಾಳೆ ನೋಡಿದೆ. ಹಳೆಯ ಪೊಟ್ಟಣವನ್ನು ಬಿಚ್ಚುವಂತಿಲ್ಲ. ಅರಗಿನ ಮೊಹರು ಮುರಿದರೆ ಸಾಕ್ಷ್ಯವೇ ಮುರಿದಂತೆ. ಆದ್ದರಿಂದ ಇದ್ದ ಚೀಟಿಯನ್ನು ಮುಟ್ಟದೆ, ಪೊಟ್ಟಣವನ್ನು ಹಾಗೆಯೇ ದಪ್ಪ ಕಾಗದದ ಲಕೋಟೆಗೆ ಹಾಕಿ, ಹೊರಗೆ ಅಪರಾಧ ಸಂಖ್ಯೆ ಮತ್ತು ಪಿ.ಎಫ್. ನಂಬರನ್ನು ಪೆನ್ಸಿಲ್ಲಿನಲ್ಲಿ ಬರೆದೆ. ನೀರು ಬಿದ್ದರೂ ಪೆನ್ಸಿಲ್ ಬರಹ ಹರಡುವುದಿಲ್ಲ. ಯಾವುದು ಯಾವ ಸ್ಥಿತಿಯಲ್ಲಿ ಸಿಕ್ಕಿತು ಎಂಬುದನ್ನು ಪುಸ್ತಕದಲ್ಲಿ ನಮೂದಿಸಿ ಸಾಹೇಬರ ಸಹಿ ಪಡೆದೆ. ಹೊಸದಾಗಿ ಬರುವ ರಕ್ತದ ಬಟ್ಟೆಗಳನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬುವುದನ್ನು ನಿಲ್ಲಿಸಿದೆವು. ತೇವ ಒಳಗೇ ಉಳಿದು ಬೂಷ್ಟು ಬಂದರೆ ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯದವರು ತಾನೇ ಏನು ಮಾಡಿಯಾರು? ನೆರಳಿನಲ್ಲಿ ಒಣಗಿಸಿ ಕಾಗದದಲ್ಲಿ ಕಟ್ಟಬೇಕು. ಒಣಗಿಸಲು ನಮಗಿದ್ದದ್ದು ಮಹಡಿ ಮೆಟ್ಟಿಲ ಕೆಳಗಿನ ಜಾಗ. ಅಲ್ಲೇ ಹಗ್ಗ ಕಟ್ಟಿ, ಯಾರೂ ಮುಟ್ಟದಂತೆ ಸರದಿಯಲ್ಲಿ ಕಾದೆವು.

ಕಬ್ಬಿಣದ ರ‍್ಯಾಕು ಬೇಕೆಂದು ಪತ್ರ ಬರೆದೆವು. ಉತ್ತರ ಬರುವಷ್ಟರಲ್ಲಿ ಮಳೆ ಬರುತ್ತಿತ್ತು, ಹಾಗಾಗಿ ಸಿಬ್ಬಂದಿಯೆಲ್ಲ ಕೈಯಿಂದ ಹಣ ಹಾಕಿ ಮುಚ್ಚುತ್ತಿದ್ದ ಅಂಗಡಿಯೊಂದರ ಎರಡು ರ‍್ಯಾಕು ತಂದೆವು. ಗಾಂಜಾಕ್ಕೆ ತಗಡಿನ ಟ್ರಂಕು ತಂದದ್ದೂ ಹಾಗೆಯೇ. ಮಾದಕ ವಸ್ತುಗಳ ಕುರಿತ ಎನ್‌ಡಿಪಿಎಸ್ ಕಾಯ್ದೆಯ 52ಎ ಕಲಂ ಪ್ರಕಾರ ಮ್ಯಾಜಿಸ್ಟ್ರೇಟರ ಎದುರು ಮಾದರಿ ತೆಗೆಸಿ ಉಳಿದದ್ದನ್ನು ವಿಲೇವಾರಿ ಮಾಡಿಸಬಹುದು. ಅಲ್ಲಿಯವರೆಗೆ ಒಂದೊಂದು ಗ್ರಾಮಿಗೂ ನಾನೇ ಹೊಣೆ. ಇಲಿ ತಿಂದಿತು ಎಂದರೆ ಯಾರು ನಂಬುತ್ತಾರೆ? ನಾನೂ ನಂಬುವುದಿಲ್ಲ.

ಹಿತ್ತಲಿನಲ್ಲಿ ಅರವತ್ತಕ್ಕೂ ಹೆಚ್ಚು ದ್ವಿಚಕ್ರ ವಾಹನಗಳು ಒಂದರ ಮೇಲೊಂದು ಬಿದ್ದಿದ್ದವು. ಟೈರುಗಳಲ್ಲಿ ನಿಂತ ನೀರಿನ ತುಂಬ ಸೊಳ್ಳೆಯ ಮರಿಗಳು. ಆ ಮಳೆಗಾಲದಲ್ಲಿ ನಮ್ಮ ಮೂವರಿಗೆ ಡೆಂಗಿ ಬಂತು. ವಾಹನಗಳನ್ನು ಠಾಣೆಯಲ್ಲಿ ವರ್ಷಗಟ್ಟಲೆ ಕೊಳೆಯಲು ಬಿಡಬಾರದು, ಫೋಟೊ ಮತ್ತು ಪಂಚನಾಮೆ ಇಟ್ಟುಕೊಂಡು ಬೇಗ ಮರಳಿಸಿ ಎಂದು ಸುಂದರಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದೆ. ಆ ತೀರ್ಪಿನ ಪ್ರತಿಯನ್ನು ಲಗತ್ತಿಸಿ ಕೋರಿಕೆ ಪತ್ರಗಳನ್ನು ಸಿದ್ಧಪಡಿಸಿದೆ. ನಂಬರ್ ಪ್ಲೇಟ್ ಇಲ್ಲದವುಗಳ ಚಾಸಿ ನಂಬರಿನ ಮೇಲೆ ಹಾಳೆಯಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದೆವು. ಆರ್‌ಟಿಒ ಕಚೇರಿಯಿಂದ ಮಾಲೀಕರ ವಿಳಾಸ ಸಿಕ್ಕಿತು. ಕಳುವಿಗೆ ವಿಮೆಯ ಪರಿಹಾರ ಸಂದಿದ್ದರೆ ವಾಹನ ವಿಮಾ ಕಂಪನಿಗೆ ಸೇರುತ್ತದೆ. ಅಂಥವರಿಗೂ ಬರೆದೆವು.

ಒಬ್ಬ ಹಿರಿಯರು ಬಂದರು, ತರಕಾರಿ ವ್ಯಾಪಾರಿ. ಅವರ ಸ್ಕೂಟರ್ ಕಳುವಾಗಿ ಒಂಬತ್ತು ವರ್ಷವಾಗಿತ್ತು. ಮನೆ ನಮ್ಮ ಠಾಣೆಯಿಂದ ಎರಡೇ ರಸ್ತೆ ಆಚೆ. ತುಕ್ಕು ಹಿಡಿದ ಹ್ಯಾಂಡಲನ್ನು ಹಿಡಿದುಕೊಂಡು, ‘ಇಷ್ಟು ವರ್ಷ ಇಲ್ಲೇ ಇತ್ತೇನಮ್ಮಾ?’ ಎಂದರು. ಆ ಒಂಬತ್ತು ವರ್ಷವೂ ಅವರು ಬೆಳಗಿನ ಜಾವ ಮಾರುಕಟ್ಟೆಗೆ ಬಾಡಿಗೆ ಆಟೊದಲ್ಲಿ ಹೋಗಿದ್ದರು. ನಾನು ಕ್ಷಮೆ ಕೇಳಿದೆ. ಇನ್ನೇನು ಹೇಳಲಿ?

2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) ಬದಲಿಗೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಯಲ್ಲಿದೆ. ಮಾಲನ್ನು ಹಾಜರುಪಡಿಸಿದ 14 ದಿನಗಳಲ್ಲಿ ನ್ಯಾಯಾಲಯ ಅದರ ವಿವರಪಟ್ಟಿ ಮಾಡಬೇಕು, ಆಮೇಲೆ 30 ದಿನಗಳಲ್ಲಿ ವಿಲೇವಾರಿಗೆ ಆದೇಶಿಸಬೇಕು ಎನ್ನುತ್ತದೆ 497ನೇ ಕಲಂ. ಇದು ಬಂದದ್ದು ನನಗೆ ಬಹಳ ಸಂತೋಷ ತಂದಿತು. 105ನೇ ಕಲಂ ಪ್ರಕಾರ ಶೋಧ ಮತ್ತು ಜಪ್ತಿಯನ್ನು ವಿಡಿಯೊ ಮಾಡಲೇಬೇಕು. ಅದೂ ಒಳ್ಳೆಯದೇ. ನಮ್ಮ ಠಾಣೆಯಲ್ಲಿ ಆ ವಿಡಿಯೊ ತೆಗೆಯುತ್ತಿದ್ದದ್ದು ಸಿಬ್ಬಂದಿಯ ಸ್ವಂತ ಮೊಬೈಲಿನಲ್ಲಿ, ಸ್ವಂತ ಇಂಟರ್‌ನೆಟ್ ಖರ್ಚಿನಲ್ಲಿ. ಒಮ್ಮೆ ಶೋಧದ ನಡುವೆ ನನ್ನ ಮೊಬೈಲಿನ ಬ್ಯಾಟರಿ ಮುಗಿಯುತ್ತ ಬಂದು ಪಂಚರೊಬ್ಬರ ಪವರ್ ಬ್ಯಾಂಕ್ ಕೇಳಬೇಕಾಯಿತು. ಕಾನೂನು ಇಷ್ಟು ಕಟ್ಟುನಿಟ್ಟಾದ ಮೇಲೆ ಪ್ರತಿ ತನಿಖಾಧಿಕಾರಿಗೂ ಇಲಾಖೆಯ ಸಾಧನ ಕೊಡಲೇಬೇಕು.

ವಾಹನಗಳು ಕರಗಿದ ಮೇಲೆ ಹಿತ್ತಲಿನಲ್ಲಿ ಜಾಗವಾಯಿತು. ತಗಡಿನ ಚಾವಣಿಯ ಶೆಡ್ ಎದ್ದಿತು, ಮಾಲುಗಳು ಅಲ್ಲಿಗೆ ಹೋದವು, ಹಳೆಯ ಕೊಠಡಿಯ ಪೈಪಿಗೆ ನಲ್ಲಿ ಕೂತಿತು. ಎದುರು ಮನೆಯ ಅಜ್ಜಿಗೆ ನಾವು ಐವರೂ ಹೋಗಿ ಸೀರೆ, ಹೂವು, ಹಣ್ಣು ಕೊಟ್ಟು ಬಂದೆವು.

ಆಮೇಲೆ ನನಗೆ ವರ್ಗವಾಯಿತು. ಬೀಗದ ಕೈ ಒಪ್ಪಿಸುವ ಮುನ್ನ ಹೊಸದಾಗಿ ಬಂದ ಹುಡುಗಿಯೊಂದಿಗೆ ಕುಳಿತು ಪಿ.ಎಫ್. ಪುಸ್ತಕದ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಎಣಿಸಿದೆ. ‘ಅಕ್ಕಾ, ಎಲ್ಲವನ್ನೂ ಎಣಿಸಲೇಬೇಕೇ?’ ಎಂದಳು. ಎರಡು ದಿನ ಹಿಡಿಯಿತು. ನನಗೆ ಯಾರೂ ಹಾಗೆ ಎಣಿಸಿ ಕೊಟ್ಟಿರಲಿಲ್ಲ.