ಗೋವಾದ ಶಾಲೆಗಳಲ್ಲಿ ಸಿದ್ದಿ ಹುಡುಗರ ಓದಿಗೆ ಒತ್ತಾಸೆಯಾಗುವ ಬಗೆ

ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಡೆಯಿಂದ ದುಡಿಮೆಗಾಗಿ ಮಡಗಾಂವ್, ವಾಸ್ಕೋಗಳಿಗೆ ಬಂದ ಸಿದ್ದಿ ಕುಟುಂಬಗಳ ಹುಡುಗರಿಗೆ ಸಂಜೆಪಾಠ ಹೇಳಬಯಸುವ ಕನ್ನಡಿಗರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಪೋರ್ಚುಗೀಸರು ಆಫ್ರಿಕದಿಂದ ಗುಲಾಮರನ್ನಾಗಿ ಗೋವೆಗೆ ತಂದವರಲ್ಲಿ ಅನೇಕರು ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು. ಆ ಸಂತತಿಯ ಹುಡುಗ ಇಂದು ಅದೇ ಗೋವೆಯ ತರಗತಿಯಲ್ಲಿ ಕುಳಿತರೆ, ಅವನ ಗುಂಗುರು ಕೂದಲು ಮತ್ತು ಮೈಬಣ್ಣ ಎಲ್ಲರ ಕಣ್ಣಿಗೆ ಮೊದಲು ಬೀಳುತ್ತವೆ, ಅವನ ಪಟ್ಟಿಪುಸ್ತಕ ಕೊನೆಗೆ.

ಆದ್ದರಿಂದ ಪಟ್ಟಿಪುಸ್ತಕದಿಂದಲೇ ಆರಂಭಿಸಿ. ಮನೆಯಲ್ಲಿ ಸಿದ್ದಿ ಕೊಂಕಣಿ, ಊರಿನ ಶಾಲೆಯಲ್ಲಿ ಕನ್ನಡ, ಇಲ್ಲಿ ಮರಾಠಿ ಇಲ್ಲವೇ ಇಂಗ್ಲಿಷ್ ಎಂದಾಗ ಹುಡುಗ ಮೌನವಾಗುವುದು ಸಹಜ; ಆ ಮೌನವನ್ನು ದಡ್ಡತನವೆಂದು ಎಣಿಸಬಾರದು. ಎಂಟನೇ ತರಗತಿಯ ಒಬ್ಬ ಹುಡುಗ ಉತ್ತರವನ್ನು ಪೆನ್ಸಿಲ್ಲಿನಲ್ಲಿ, ಕಂಡೂ ಕಾಣದಷ್ಟು ತೆಳುವಾಗಿ ಬರೆದು, ನಾನು ಹತ್ತಿರ ಹೋದೊಡನೆ ಅಂಗೈಯಿಂದ ಉಜ್ಜಿಬಿಡುತ್ತಿದ್ದ. ಒಮ್ಮೆ ಮೆಲ್ಲಗೆ ಕೈ ಸರಿಸಿ ನೋಡಿದರೆ ಭಿನ್ನರಾಶಿಯ ಲೆಕ್ಕ ಪೂರ್ತಿ ಸರಿಯಿತ್ತು. ಕೊನೆಯ ಇಂಗ್ಲಿಷ್ ವಾಕ್ಯಕ್ಕೆ ಮಾತ್ರ ಅವನು ಅಂಜಿದ್ದ. ಅಂದಿನಿಂದ ಮೊದಲು ಕನ್ನಡದಲ್ಲಿ ಬಾಯಿಬಿಟ್ಟು ಹೇಳುವುದು, ಆಮೇಲೆ ಬರೆಯುವುದು ಎಂದು ಗೊತ್ತುಮಾಡಿಕೊಂಡೆವು. ತಿಂಗಳೊಪ್ಪತ್ತಿನಲ್ಲಿ ಅವನು ಪೆನ್ನು ಹಿಡಿದ.

ಎರಡನೆಯದು ಆಟದ ಮಾತು. ‘ಇವನು ಓಟಕ್ಕೇ ಸರಿ’ ಎಂಬ ಹೊಗಳಿಕೆ ನನ್ನನ್ನು ಬೈಗುಳಕ್ಕಿಂತ ಹೆಚ್ಚು ಕಳವಳಗೊಳಿಸುತ್ತದೆ. 1980ರ ದಶಕದಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರವು ಸಿದ್ದಿ ಮಕ್ಕಳನ್ನು ಆರಿಸಿ ತರಬೇತಿ ನೀಡಿತು; ಮುಂದೆ ಆ ಯೋಜನೆಯೇ ನಿಂತುಹೋಯಿತು. ಹುಡುಗ ಓಡಲಿ, ಆದರೆ ಅಭ್ಯಾಸದ ದಿನ ತಪ್ಪಿದ ಪಾಠವನ್ನು ಮರುದಿನವೇ ಹೇಳಿಕೊಡಿ.

ಅಡ್ಡಹೆಸರಿಟ್ಟು ಕರೆಯುವುದು ಕಂಡರೆ ಹುಡುಗನಿಗೆ ‘ಸಹಿಸಿಕೋ’ ಎನ್ನದೆ, ಯಾವ ದಿನ ಏನು ನಡೆಯಿತೆಂದು ಬರೆದಿಟ್ಟುಕೊಂಡು ಮುಖ್ಯೋಪಾಧ್ಯಾಯರನ್ನು ಕಾಣಿ. ಅಣಕಿಸಿದವರು ಶಿಕ್ಷಕರೇ ಆಗಿದ್ದರೆ, 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ಹೊಡೆತವನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆಂದು ವಿನಯದಿಂದಲೇ ನೆನಪಿಸಿ. ಇತಿಹಾಸದ ಪಾಠದಲ್ಲಿ ಅಹ್ಮದನಗರದ ರಾಜ್ಯವನ್ನು ನಡೆಸಿದ ಮಲಿಕ್ ಅಂಬರ್, ಜಂಜೀರಾದ ಸಿದ್ದಿಗಳು ಬಂದಾಗ, ಅವರ ಮೂಲವೂ ಆಫ್ರಿಕವೆಂದು ಇಡೀ ತರಗತಿಗೆ ಹೇಳಿಸಿ. ಶಾಂತಾರಾಮ ಸಿದ್ದಿ ಅವರು 2020ರಲ್ಲಿ ಕರ್ನಾಟಕ ವಿಧಾನ ಪರಿಷತ್ತಿನ ಸದಸ್ಯರಾದುದನ್ನು ಹುಡುಗನ ತಂದೆತಾಯಿಗೂ ತಿಳಿಸಿ.

ಕಾಗದಪತ್ರಗಳಲ್ಲಿ ಉದಾಸೀನ ಸಲ್ಲದು. ಎಂಟನೇ ತರಗತಿಯವರೆಗೆ ವರ್ಗಾವಣೆ ಪತ್ರ ತಡವಾಯಿತೆಂಬ ಕಾರಣಕ್ಕೆ ಸರ್ಕಾರಿ ಅಥವಾ ಅನುದಾನಿತ ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ. ಉತ್ತರ ಕನ್ನಡದ ಸಿದ್ದಿಗಳು 2003ರಿಂದ ಪರಿಶಿಷ್ಟ ಪಂಗಡದವರಾದ್ದರಿಂದ, ಊರಿಗೆ ಹೋದಾಗ ಅಲ್ಲಿನ ತಾಲೂಕು ಕಚೇರಿಯಲ್ಲಿ ಜಾತಿ ಪ್ರಮಾಣಪತ್ರ ಮಾಡಿಸಿಕೊಂಡು ಬರಲು ಹೇಳಿ. ಹೊರಡುವ ಹಿಂದಿನ ಸಂಜೆ ಮನೆಗೆ ಹೋಗಿ, ಎಂದು ಮರಳುವರೆಂದು ಕೇಳಿ, ಅಷ್ಟು ದಿನಗಳ ಪಾಠಕ್ಕೆ ಗುರುತು ಹಾಕಿಕೊಟ್ಟು, ಪುಸ್ತಕದ ಚೀಲವನ್ನೂ ಗಂಟುಮೂಟೆಯೊಡನೆ ಕಟ್ಟಿಸಿ.